ಪೈಪಿನ ಮೇಲಿನ ಗೀರು: ಎಷ್ಟು ಆಳದವರೆಗೆ ಬಿಡಬಹುದು, ಎಲ್ಲಿ ಕತ್ತರಿಸಬೇಕು

ಕೊಡಗಿನ ತೋಟಗಳಲ್ಲಿ ಗೀರು ಬೀಳದ ಎಚ್‌ಡಿಪಿಇ ಪೈಪು (ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನದು) ಹುಡುಕಿದರೂ ಸಿಗುವುದು ಕಷ್ಟ. ಲಾರಿಯಿಂದ ತಳ್ಳಿ ಇಳಿಸುವಾಗ ಒಂದು ಗೀರು ಬೀಳುತ್ತದೆ. ಜೀಪಿನ ಹಿಂದೆ ಕಟ್ಟಿ ಜಲ್ಲಿ ರಸ್ತೆಯಲ್ಲಿ ಎಳೆಯುವಾಗ ಹತ್ತು ಬೀಳುತ್ತವೆ. ಕಾಫಿ ಸಾಲಿನೊಳಗೆ ನುಗ್ಗಿಸುವಾಗ ಕಸಿ ಮಾಡಿದ (ಸವರಿ ಕತ್ತರಿಸಿದ) ರೆಂಬೆಗಳ ಚೂಪು ತುದಿ, ಮಣ್ಣಿನಿಂದ ಇಣುಕುವ ಮುರಕಲ್ಲು, ಹಳೆಯ ಬೇಲಿಯ ಮುಳ್ಳುತಂತಿ ಎಲ್ಲವೂ ತಮ್ಮ ಪಾಲಿನ ಗುರುತು ಬಿಟ್ಟೇ ಬಿಡುತ್ತವೆ. ಇವುಗಳಲ್ಲಿ ಯಾವುದನ್ನು ಹಾಗೇ ಬಿಟ್ಟು ಮಣ್ಣು ಮುಚ್ಚಬಹುದು, ಯಾವುದನ್ನು ಕತ್ತರಿಸಿ ತೆಗೆಯಬೇಕು ಎಂದು ಕೇಳಿದರೆ ಗುತ್ತಿಗೆದಾರರಿಂದ ಎಂಜಿನಿಯರ್‌ವರೆಗೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಗೋಡೆಯ ದಪ್ಪದ ಶೇ. 10ಕ್ಕಿಂತ ಆಳವಿರಬಾರದು.

ಉತ್ತರ ಸರಿಯಾದದ್ದೇ. ಆದರೆ ಅದನ್ನು ಹೇಳುವವರಲ್ಲಿ ಬಹಳ ಜನ ಗೀರನ್ನು ಅಳೆಯುವುದಿಲ್ಲ, ಕಣ್ಣಂದಾಜಿನಲ್ಲಿ ‘ನಡೆಯುತ್ತೆ ಬಿಡಿ’ ಎನ್ನುತ್ತಾರೆ. ಅಳೆಯುವವರು ಆಳವೊಂದನ್ನೇ ನೋಡಿ, ಗೀರು ಎಷ್ಟು ಚೂಪು, ಯಾವ ದಿಕ್ಕಿಗಿದೆ, ಆ ಜಾಗದಲ್ಲಿ ಒತ್ತಡ ಎಷ್ಟು ಎಂಬುದನ್ನು ಬಿಟ್ಟುಬಿಡುತ್ತಾರೆ. ಶೇ. 10 ಎಂಬುದು ಒಂದು ಆರಂಭದ ಗೆರೆ. ಕೆಲವು ಕಡೆ ಅದನ್ನು ಬಿಗಿ ಮಾಡಬೇಕು, ಕೆಲವೇ ಕೆಲವು ಕಡೆ ಸಡಿಲಿಸಬಹುದು.

ಶೇ. 10 ಅಂದರೆ ಎಷ್ಟು ಮಿಲಿಮೀಟರ್?

ಮೊದಲು ಪೈಪಿನ ಮೇಲಿನ ಅಚ್ಚು ಓದಿ. ಕುಡಿಯುವ ನೀರಿನ ಎಚ್‌ಡಿಪಿಇ ಪೈಪಾದರೆ ಐಎಸ್ 4984 ಎಂಬ ಭಾರತೀಯ ಮಾನಕದ ಸಂಖ್ಯೆ, ಪಿಇ 63, ಪಿಇ 80 ಅಥವಾ ಪಿಇ 100 ಎಂಬ ದರ್ಜೆ, ಹೊರ ವ್ಯಾಸ, ಪಿಎನ್ ಎಂಬ ಒತ್ತಡದ ವರ್ಗ ಇರುತ್ತವೆ. ಅಂಗಡಿಯಲ್ಲಿ ‘ಆರು ಕೆ.ಜಿ. ಪೈಪು’, ‘ಹತ್ತು ಕೆ.ಜಿ. ಪೈಪು’ ಅನ್ನುವುದು ಈ ಪಿಎನ್ ಸಂಖ್ಯೆಯನ್ನೇ. ಹೊರ ವ್ಯಾಸವನ್ನು ಗೋಡೆಯ ಕನಿಷ್ಠ ದಪ್ಪದಿಂದ ಭಾಗಿಸಿದರೆ ಬರುವುದು ಎಸ್‌ಡಿಆರ್. ಈ ಸಂಖ್ಯೆ ದೊಡ್ಡದಾದಷ್ಟೂ ಗೋಡೆ ತೆಳು.

ಐಎಸ್‌ಒ 4427 ಎಂಬ ಅಂತರರಾಷ್ಟ್ರೀಯ ಮಾನಕದ ಪಟ್ಟಿಯಂತೆ ಕೆಲವು ಅಳತೆಗಳು ಹೀಗಿವೆ:

63 ಮಿ.ಮೀ., ಎಸ್‌ಡಿಆರ್ 11: ಗೋಡೆ 5.8 ಮಿ.ಮೀ., ಶೇ. 10 ಅಂದರೆ 0.58
75 ಮಿ.ಮೀ., ಎಸ್‌ಡಿಆರ್ 26: ಗೋಡೆ 2.9, ಶೇ. 10 ಅಂದರೆ 0.29
90 ಮಿ.ಮೀ., ಎಸ್‌ಡಿಆರ್ 17: ಗೋಡೆ 5.4, ಶೇ. 10 ಅಂದರೆ 0.54
110 ಮಿ.ಮೀ., ಎಸ್‌ಡಿಆರ್ 17: ಗೋಡೆ 6.6, ಶೇ. 10 ಅಂದರೆ 0.66
160 ಮಿ.ಮೀ., ಎಸ್‌ಡಿಆರ್ 17: ಗೋಡೆ 9.5, ಶೇ. 10 ಅಂದರೆ 0.95
315 ಮಿ.ಮೀ., ಎಸ್‌ಡಿಆರ್ 17: ಗೋಡೆ 18.7, ಶೇ. 10 ಅಂದರೆ 1.87

ನಿಮ್ಮ ಕೈಯಲ್ಲಿರುವ ಪೈಪಿಗೆ ಅದರದೇ ಮಾನಕದ ಪಟ್ಟಿ ನೋಡಿಕೊಳ್ಳಿ. ಲೆಕ್ಕಕ್ಕೆ ಹಿಡಿಯಬೇಕಾದ್ದು ಪಟ್ಟಿಯಲ್ಲಿರುವ ಕನಿಷ್ಠ ದಪ್ಪ. ಕಾರ್ಖಾನೆಯಿಂದ ಬರುವ ಪೈಪಿನ ಗೋಡೆ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ದಪ್ಪವೇ ಇರುತ್ತದೆ. 110 ಮಿ.ಮೀ. ಎಸ್‌ಡಿಆರ್ 17ರಲ್ಲಿ 6.6ರ ಬದಲು 7.2 ಇದ್ದರೆ ಆಶ್ಚರ್ಯವಿಲ್ಲ. ‘0.6 ಗೀರಿದ ಮೇಲೂ 6.6 ಉಳಿದಿದೆಯಲ್ಲ, ಹಾಗಾದರೆ ಏನೂ ಆಗಿಲ್ಲ’ ಎಂಬ ವಾದ ಆಗಾಗ ಕೇಳಿಬರುತ್ತದೆ. ಉಳಿದ ದಪ್ಪದ ಮಟ್ಟಿಗೆ ಅದು ನಿಜ. ಆದರೆ ಅಲ್ಲೊಂದು ಕಚ್ಚು ಉಳಿದೇ ಇದೆ, ಪೈಪನ್ನು ಕೊನೆಗೆ ಒಡೆಯುವುದು ಆ ಕಚ್ಚು. ಉಳಿದ ದಪ್ಪ ಮತ್ತು ಗೀರಿನ ಆಳ ಇವೆರಡೂ ಬೇರೆ ಬೇರೆ ಪರೀಕ್ಷೆಗಳು, ಎರಡರಲ್ಲೂ ಪಾಸಾಗಬೇಕು.

ಗೀರಿನಿಂದ ಬಿರುಕಿಗೆ

ಪಾಲಿಎಥಿಲೀನ್ ಪೈಪಿಗೆ ಒಮ್ಮೆಲೇ ಮಿತಿಮೀರಿದ ಒತ್ತಡ ಕೊಟ್ಟರೆ ಅದು ಬಲೂನಿನಂತೆ ಉಬ್ಬಿ ಹರಿಯುತ್ತದೆ. ತೋಟದಲ್ಲಿ ಇಂಥ ಒಡೆತ ಅಪರೂಪ. ಹೆಚ್ಚಾಗಿ ಕಾಣುವುದು ಉಬ್ಬದೆ, ಸದ್ದಿಲ್ಲದೆ, ಪೈಪಿನ ಉದ್ದಕ್ಕೆ ಬೀಳುವ ಕೂದಲೆಳೆಯ ಸೀಳು. ಸಾಮಾನ್ಯ ಒತ್ತಡದಲ್ಲೇ ವರ್ಷಗಟ್ಟಲೆ ಬೆಳೆದು ಬಂದದ್ದು ಅದು. ಇದನ್ನು ನಿಧಾನ ಬಿರುಕು ಬೆಳವಣಿಗೆ ಎನ್ನುತ್ತಾರೆ. ಗೀರಿನ ತುದಿಯಲ್ಲಿ ಎಳೆತ ಒಟ್ಟುಗೂಡಿ, ಅಲ್ಲಿನ ಪ್ಲಾಸ್ಟಿಕ್ ನಾರುನಾರಾಗಿ ಬಿಡಿಸಿಕೊಳ್ಳುತ್ತದೆ. ನಾರುಗಳು ಒಂದೊಂದಾಗಿ ಕಡಿದಂತೆ ಬಿರುಕು ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ, ಮತ್ತೆ ನಾರು, ಮತ್ತೆ ಕಡಿತ. ಒಡೆದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ನಯವಾದ ಮುಖದ ಮೇಲೆ ಮೆಟ್ಟಿಲು ಮೆಟ್ಟಿಲಾದ ಗೆರೆಗಳು ಕಾಣುವುದುಂಟು.

ಈ ಕಾರಣಕ್ಕೇ ಸೈಟಿನಲ್ಲಿ ಮಾಡುವ ಒತ್ತಡ ಪರೀಕ್ಷೆ ಗೀರನ್ನು ಹಿಡಿಯುವುದಿಲ್ಲ. ಪ್ರಯೋಗಾಲಯದಲ್ಲಿ ಐಎಸ್‌ಒ 13479 ಎಂಬ ಪರೀಕ್ಷೆ ಇದೆ. 110 ಮಿ.ಮೀ. ಎಸ್‌ಡಿಆರ್ 11 ಪೈಪಿನ ಹೊರಮೈಯಲ್ಲಿ ನಾಲ್ಕು ಕಡೆ, ಗೋಡೆಯ ಶೇ. 20ರಷ್ಟು ಆಳಕ್ಕೆ ಚೂಪಾದ ಕಚ್ಚು ಕೊರೆದು, 80 ಡಿಗ್ರಿ ಬಿಸಿನೀರಿನಲ್ಲಿಟ್ಟು, ಪಿಇ 100 ಆದರೆ 9.2 ಬಾರ್ ಒತ್ತಡ ಕೊಡುತ್ತಾರೆ. ಒಳ್ಳೆಯ ಪೈಪು 500 ಗಂಟೆ ತಡೆಯಬೇಕು. ಶೇ. 20 ಕಚ್ಚಿದ ಪೈಪು ಅಷ್ಟು ಬಿಸಿಯಲ್ಲೂ ಅಷ್ಟು ಹೊತ್ತು ನಿಲ್ಲುತ್ತದೆ ಎಂದಮೇಲೆ, ಮಡಿಕೇರಿಯ ತಂಪಿನಲ್ಲಿ ಎರಡು ಗಂಟೆ ಒಂದೂವರೆ ಪಟ್ಟು ಒತ್ತಡ ಹಾಕಿ ‘ಪಾಸ್’ ಎಂದು ಬರೆದರೆ ಗೀರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ಪರೀಕ್ಷೆ ಕೀಲುಗಳಿಗೆ ಸರಿ. ಗೀರನ್ನು ಮಣ್ಣು ಮುಚ್ಚುವ ಮೊದಲು ಕಣ್ಣಿನಿಂದ, ಗೇಜಿನಿಂದ ಹಿಡಿಯಬೇಕು.

ಹಾಗಾದರೆ ಶೇ. 20ನ್ನೇ ಮಿತಿ ಮಾಡಿಕೊಳ್ಳಬಹುದಲ್ಲ ಎನ್ನಬಹುದು. ಆ ಪರೀಕ್ಷೆ ನೋಡುವುದು ಹೊಸ ಕಚ್ಚಾವಸ್ತುವಿನ ಗುಣವನ್ನು. ನೆಲದಡಿಯ ಪೈಪಿಗೆ ಒಳಗಿನ ನೀರಿನ ಒತ್ತಡವಲ್ಲದೆ ಮಣ್ಣಿನ ಭಾರ, ಕಲ್ಲಿನ ಚುಚ್ಚು, ಬಾಗು, ಹಗಲು ರಾತ್ರಿಯ ಹಿಗ್ಗು ಕುಗ್ಗು ಎಲ್ಲ ಸೇರುತ್ತವೆ. ಶೇ. 10ಕ್ಕೂ 20ಕ್ಕೂ ನಡುವಿನ ಅಂತರ ಇವಕ್ಕೆಲ್ಲ ಇಟ್ಟ ಮೀಸಲು. ಪಿಇ 100-ಆರ್‌ಸಿ ಎಂಬ ಹೊಸ ದರ್ಜೆಯ ಕಥೆ ಬೇರೆ. ಬಿರುಕು ಬೆಳೆಯದಂತೆ ತಡೆಯುವುದಕ್ಕೇ ಅದರ ಅಣುರಚನೆ ರೂಪಿಸಲಾಗಿದೆ. 2009ರಲ್ಲಿ ಜರ್ಮನಿಯಲ್ಲಿ ಬಂದ ಪಿಎಎಸ್ 1075 ದಾಖಲೆ ಅದಕ್ಕೆ 80 ಡಿಗ್ರಿಯಲ್ಲಿ, ಸಾಬೂನಿನ ಜಾತಿಯ ದ್ರಾವಣದಲ್ಲಿ, ಸುತ್ತಲೂ ಕಚ್ಚು ಹಾಕಿದ ತುಂಡು 8,760 ಗಂಟೆ, ಅಂದರೆ ಇಡೀ ಒಂದು ವರ್ಷ ನಿಲ್ಲಬೇಕೆಂದು ಕೇಳಿತು. ಮರಳು ಹಾಸದೆ ಹೂಳುವ ಕೆಲಸಗಳಿಗೆ ಈ ಪೈಪು ಹೇಳಿ ಮಾಡಿಸಿದ್ದು. ಅಚ್ಚಿನಲ್ಲಿ ಆರ್‌ಸಿ ಎಂದಿಲ್ಲದಿದ್ದರೆ ಆ ಸಡಿಲಿಕೆ ನಿಮ್ಮ ಪೈಪಿಗೆ ಇಲ್ಲ.

ಒಂದೇ ಆಳ, ಬೇರೆ ಬೇರೆ ಅಪಾಯ

ಗೀರಿನ ತಳ ಎಷ್ಟು ಚೂಪು ಎಂಬುದು ಆಳದಷ್ಟೇ ಮುಖ್ಯ. ಕಚ್ಚಿನ ತುದಿಯಲ್ಲಿ ಎಳೆತ ಎಷ್ಟು ಪಟ್ಟು ಹೆಚ್ಚುತ್ತದೆ ಎಂಬುದಕ್ಕೆ ಹಳೆಯದೊಂದು ಸೂತ್ರವಿದೆ: ಆಳವನ್ನು ತಳದ ದುಂಡಿನ ತ್ರಿಜ್ಯದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡರಿಂದ ಗುಣಿಸಿ, ಒಂದು ಕೂಡಿಸಿ. 0.6 ಮಿ.ಮೀ. ಆಳದ ಗೀರನ್ನೇ ತೆಗೆದುಕೊಳ್ಳಿ. ಗಾಜಿನ ಚೂರೋ ಕತ್ತಿಯೋ ಮಾಡಿದ, ತಳದಲ್ಲಿ 0.02 ಮಿ.ಮೀ. ತ್ರಿಜ್ಯದ ಗೀರಾದರೆ ಎಳೆತ ಸುಮಾರು 12 ಪಟ್ಟು. ದುಂಡು ಕಲ್ಲು ಉಜ್ಜಿ ಮಾಡಿದ, 2 ಮಿ.ಮೀ. ತ್ರಿಜ್ಯದ ಅಗಲ ತಗ್ಗಾದರೆ ಎರಡು ಪಟ್ಟಿಗೆ ಸ್ವಲ್ಪ ಮೇಲೆ. ಪ್ಲಾಸ್ಟಿಕ್ ತುದಿಯಲ್ಲಿ ಸ್ವಲ್ಪ ಮೆತ್ತಗಾಗಿ ಹೊಂದಿಕೊಳ್ಳುವುದರಿಂದ 12 ಪಟ್ಟು ಹಾಗೇ ಉಳಿಯುವುದಿಲ್ಲ, ಆದರೆ ಯಾವ ಗೀರಿಗೆ ಮೊದಲು ಹೆದರಬೇಕು ಎಂಬುದು ಸ್ಪಷ್ಟ. ನೋಡಲು ಅಗಲವಾಗಿ, ಒರಟಾಗಿ, ಭಯಂಕರವಾಗಿ ಕಾಣುವ ಉಜ್ಜುಗೀರಿಗಿಂತ ಕಣ್ಣಿಗೆ ಬೀಳದ ಸಣ್ಣ ಬ್ಲೇಡ್ ಗುರುತು ಕೆಟ್ಟದ್ದು.

ಇಲ್ಲಿಯ ತೋಟಗಳಲ್ಲಿ ಆ ಬ್ಲೇಡ್ ಗುರುತಿಗೆ ಮುಖ್ಯ ಕಾರಣ ಕಳೆ ಕತ್ತರಿಸುವ ಯಂತ್ರ. ನೆಲದ ಮೇಲೆ ಬಿಟ್ಟ ಪೈಪಿಗೆ ಹುಲ್ಲು ಮುಚ್ಚಿರುತ್ತದೆ, ವೀಡ್ ಕಟರ್‌ನ ಉಕ್ಕಿನ ಬ್ಲೇಡು ಒಂದು ಕ್ಷಣ ತಾಗಿ ಹೋಗುತ್ತದೆ. ಉಳಿಯುವುದು ಎರಡು ಮೂರು ಸೆಂಟಿಮೀಟರ್ ಉದ್ದದ, ಚಂದ್ರನಾಕಾರದ, ಅಂಚು ಮೇಲೆದ್ದ ಕಚ್ಚು. ಆಗ ನೀರು ಸೋರುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಮುಂದಿನ ಹೂಮಳೆಯ (ಕಾಫಿ ಹೂ ಅರಳಿಸಲು ಕೊಡುವ ನೀರಿನ) ಹೊತ್ತಿಗೆ ಪಂಪು ಹಾಕಿದಾಗ ಅಲ್ಲಿ ಕಾರಂಜಿ. ಪೈಪು ಹಾದುಹೋದ ಗುರುತಿಗೆ ಗೂಟ ನೆಟ್ಟು, ಅದರ ಎರಡೂ ಬದಿ ಒಂದಡಿ ಕೈಯಲ್ಲೇ ಕಳೆ ತೆಗೆಸುವುದು ಪೈಪಿಗಿಂತ ಅಗ್ಗ.

ದಿಕ್ಕಿನದು ಇನ್ನೊಂದು ಲೆಕ್ಕ. ಒಳಗಿನ ನೀರು ಪೈಪನ್ನು ಸುತ್ತಳತೆಯಲ್ಲಿ ಎಳೆಯುವ ಬಲ, ಉದ್ದಕ್ಕೆ ಎಳೆಯುವ ಬಲದ ಸುಮಾರು ಎರಡು ಪಟ್ಟು. ಹಾಗಾಗಿ ಪೈಪಿನ ಉದ್ದಕ್ಕೆ ಓಡುವ ಗೀರನ್ನು ನೀರಿನ ಒತ್ತಡ ನೇರವಾಗಿ ಬಾಯಿ ಬಿಡಿಸುತ್ತದೆ, ಅಡ್ಡ ಗೀರಿನ ಮೇಲೆ ಅದರ ಅರ್ಧದಷ್ಟೇ ಬಲ ಬೀಳುತ್ತದೆ. ಗುಡ್ಡದಲ್ಲಿ ಪೈಪನ್ನು ಎಳೆದೊಯ್ದರೆ ಬೀಳುವುದು ಉದ್ದ ಗೀರೇ, ಅದರಲ್ಲೂ ಒಂದೇ ಕಲ್ಲು ಹಲವು ಮೀಟರ್ ಉದ್ದ ಗೀಚಿರುತ್ತದೆ. ಅಡ್ಡ ಗೀರಾದರೂ ಪೂರ್ತಿ ನಿರಾಳವಲ್ಲ. ಕಮರಿಯ ಮೇಲೆ ತೂಗುವ ಪೈಪು, ಬಂಡೆಯ ಮೇಲೆ ಬಾಗಿದ ಪೈಪು, ಬಿಸಿಲಿನಲ್ಲಿ ಹಿಗ್ಗಿದಾಗ ಬಿಗಿಯಾಗಿ ಕಟ್ಟಿ ರಾತ್ರಿ ಕುಗ್ಗಿದ ಪೈಪು, ಇವುಗಳಲ್ಲಿ ಉದ್ದದ ಎಳೆತವೇ ಮೇಲುಗೈ. ಎಚ್‌ಡಿಪಿಇ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 0.2 ಮಿ.ಮೀ. ಹಿಗ್ಗುತ್ತದೆ. 100 ಮೀಟರ್ ಲೈನಿಗೆ 20 ಡಿಗ್ರಿ ವ್ಯತ್ಯಾಸವಾದರೆ 40 ಸೆಂಟಿಮೀಟರ್. ಕಪ್ಪು ಪೈಪು ಮಾರ್ಚ್ ಬಿಸಿಲಿಗೆ ಕಾದು ರಾತ್ರಿ ತಣಿಯುವಾಗ ಅಷ್ಟು ವ್ಯತ್ಯಾಸ ಸುಲಭವಾಗಿ ಆಗುತ್ತದೆ.

ಪೈಪು ದೊಡ್ಡದಾದಂತೆ ಶೇ. 10ರ ನಿಯಮವೇ ಸಡಿಲವಾಗುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಬಿರುಕನ್ನು ಮುಂದೆ ತಳ್ಳುವ ಬಲ ಎಳೆತಕ್ಕೂ ಆಳದ ವರ್ಗಮೂಲಕ್ಕೂ ಅನುಗುಣ. ಇಲ್ಲಿ ಆಳ ಅಂದರೆ ಮಿಲಿಮೀಟರ್ ಲೆಕ್ಕದ ಆಳ, ಶೇಕಡಾ ಲೆಕ್ಕದ್ದಲ್ಲ. ಎಸ್‌ಡಿಆರ್ 11ರ 63 ಮಿ.ಮೀ. ಪೈಪಿಗೆ ಶೇ. 10 ಅಂದರೆ 0.58 ಮಿ.ಮೀ., ಅದೇ ಎಸ್‌ಡಿಆರ್‌ನ 630 ಮಿ.ಮೀ. ಪೈಪಿಗೆ 5.7 ಮಿ.ಮೀ. ಎರಡರಲ್ಲೂ ಒತ್ತಡ, ಎಳೆತ ಒಂದೇ ಆದರೂ ಬಿರುಕಿನ ಬಲ ದೊಡ್ಡ ಪೈಪಿನಲ್ಲಿ ಮೂರು ಪಟ್ಟಿಗೂ ಹೆಚ್ಚು. ಬಿರುಕಿಗೆ ದಾಟಬೇಕಾದ ಗೋಡೆಯೂ ದಪ್ಪವಿದೆ ನಿಜ, ಆದರೆ ಬಿರುಕಿನ ವೇಗ ಆ ಬಲದ ಸುಮಾರು ನಾಲ್ಕನೆಯ ಘಾತದಷ್ಟು ಏರುವುದರಿಂದ ದಪ್ಪದ ಲಾಭ ಕರಗಿಹೋಗುತ್ತದೆ. ಆದ್ದರಿಂದ 250 ಮಿ.ಮೀ. ದಾಟಿದ ಪೈಪುಗಳಿಗೆ ಶೇಕಡಾವಾರು ಮಿತಿಯ ಜೊತೆಗೆ ಮಿಲಿಮೀಟರಿನಲ್ಲಿ ಒಂದು ಗರಿಷ್ಠ ಆಳವನ್ನೂ ಬರೆದಿಡುವುದು ಜಾಣತನ. ಪೈಪು ಮಾಡಿದವರಿಂದಲೇ ಅದನ್ನು ಲಿಖಿತವಾಗಿ ಕೇಳಿ ಪಡೆಯಿರಿ.

ಗುಡ್ಡದ ಬುಡ ಬೇರೆ, ತುದಿ ಬೇರೆ

ಬಯಲುಸೀಮೆಯಲ್ಲಿ ಇಡೀ ಲೈನಿಗೆ ಒಂದೇ ಮಿತಿ ಹಾಕಿದರೆ ಅಂಥ ನಷ್ಟವಿಲ್ಲ. ಕೊಡಗಿನಲ್ಲಿ ಕೆರೆ ಗದ್ದೆಯ ಮಟ್ಟದಲ್ಲಿ, ತೋಟ ಬೆಟ್ಟದ ಮೇಲೆ. 10 ಮೀಟರ್ ಏರಿದರೆ ಸುಮಾರು 1 ಬಾರ್ ಒತ್ತಡ ಇಳಿಯುತ್ತದೆ.

ಒಂದು ಲೆಕ್ಕ ಹಾಕೋಣ. 110 ಮಿ.ಮೀ., ಪಿಇ 100, ಎಸ್‌ಡಿಆರ್ 17, ಹತ್ತು ಕೆ.ಜಿ. ಪೈಪು. ಕೆರೆಯಿಂದ ತೋಟದ ತುದಿಗೆ 55 ಮೀಟರ್ ಎತ್ತರ, ಘರ್ಷಣೆಗೆ 1 ಬಾರ್, ತುದಿಯ ಸ್ಪ್ರಿಂಕ್ಲರ್ ಜೆಟ್ಟಿಗೆ 3 ಬಾರ್. ಪಂಪಿನ ಬಳಿ ಒಟ್ಟು 9.5 ಬಾರ್. ಪಿಇ 100ರ 10 ಮೆಗಾಪಾಸ್ಕಲ್ ಬಲವನ್ನು 1.25ರ ಸುರಕ್ಷಾಂಕದಿಂದ ಭಾಗಿಸಿದರೆ ಸಿಗುವ ವಿನ್ಯಾಸದ ಮಿತಿ 8 ಮೆಗಾಪಾಸ್ಕಲ್, ಅದೂ ನೀರು 20 ಡಿಗ್ರಿ ಇದ್ದರೆ. ಗೀರಿಲ್ಲದ ಪೈಪಿನ ಗೋಡೆಯಲ್ಲಿ ಪಂಪಿನ ಬಳಿ ಬೀಳುವ ಎಳೆತ 7.4 ಮೆಗಾಪಾಸ್ಕಲ್. ಅಲ್ಲೇ 0.66 ಮಿ.ಮೀ. ಗೋಡೆ ಹೋದರೆ ಉಳಿದ ದಪ್ಪದಲ್ಲಿ ಎಳೆತ 8.3. ಶೇ. 10ರ ನಿಯಮವನ್ನು ಪಾಲಿಸಿಯೂ ವಿನ್ಯಾಸದ ಮಿತಿ ದಾಟಿತು.

ಈಗ ತುದಿಗೆ ಬನ್ನಿ. ಜೆಟ್ಟಿನ 3 ಬಾರ್‌ಗಿಂತ ಸ್ವಲ್ಪ ಹೆಚ್ಚೇ ಇರಲೆಂದು ಅಲ್ಲಿ 4 ಬಾರ್ ಎಂದಿಟ್ಟುಕೊಂಡರೆ ಗೀರಿಲ್ಲದ ಗೋಡೆಯಲ್ಲಿ ಎಳೆತ 3.1, ಗೋಡೆಯ ಶೇ. 20 ಹೋದರೂ 4.0. ಬಿರುಕಿನ ಬಲ ಹೋಲಿಸಿದರೆ, ತುದಿಯ ಶೇ. 20 ಗೀರಿನದು ಬುಡದ ಶೇ. 10 ಗೀರಿನದರ ಸುಮಾರು ಶೇ. 60 ಮಾತ್ರ. ಒಂದೇ ಪೈಪು, ಒಂದೇ ದಿನ ಹಾಕಿದ್ದು, ಬುಡದಲ್ಲಿ ತಿರಸ್ಕರಿಸಬೇಕಾದ ಗೀರು ತುದಿಯಲ್ಲಿ ಸುಮ್ಮನೆ ಇರಬಲ್ಲದು.

ಇದರಿಂದ ಸಿಗುವ ಪಾಠ ‘ತುದಿಯಲ್ಲಿ ಏನು ಬೇಕಾದರೂ ಹಾಕಿ’ ಎಂದಲ್ಲ. ಗೀರು ಕಡಿಮೆ ಇರುವ ಉದ್ದಗಳನ್ನು ಆರಿಸಿ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಡಿ, ಗೀರು ಬಿದ್ದವನ್ನು ಮೇಲಕ್ಕೆ ಕಳಿಸಿ. ಪೈಪು ಬದಲಿಸಲು ಹಣವಿಲ್ಲದ ಕಡೆ ಈ ಒಂದು ಆಯ್ಕೆಗೆ ಖರ್ಚೇ ಇಲ್ಲ. ಬುಡದಲ್ಲಿ ಕೆಲಸದ ಒತ್ತಡ ಪಿಎನ್‌ನ ಶೇ. 80 ದಾಟಿದರೆ ಮಿತಿಯನ್ನು ಶೇ. 5ಕ್ಕೆ ಇಳಿಸಿ, ಇಲ್ಲವೇ ಆ ಭಾಗಕ್ಕೆ ಎಸ್‌ಡಿಆರ್ 13.6 ಹಾಕಿ. ನಮ್ಮ ಮಟ್ಟಿಗೆ ಎರಡನೆಯದೇ ಮೇಲು, ಶೇ. 5ರ ಗೀರನ್ನು ತೋಟದಲ್ಲಿ ನಿಂತು ನಂಬಿಕೆಯಿಂದ ಅಳೆಯುವುದು ಅಷ್ಟು ಸುಲಭವಲ್ಲ.

ಕರೆಂಟು ಹೋಗುವುದನ್ನೂ ಲೆಕ್ಕಕ್ಕೆ ಸೇರಿಸಿ. ಪಂಪು ತಟ್ಟನೆ ನಿಂತಾಗ ಮೇಲಿನ ನೀರು ಹಿಂದಿರುಗಿ, ಅದನ್ನು ತಡೆಯುವ ಕವಾಟವಾದ ಎನ್‌ಆರ್‌ವಿಗೆ ಬಡಿಯುತ್ತದೆ. ಎಚ್‌ಡಿಪಿಇಯಲ್ಲಿ ಈ ಹೊಡೆತದ ಅಲೆ ಸೆಕೆಂಡಿಗೆ 300 ಮೀಟರ್ ಆಸುಪಾಸು ಓಡುತ್ತದೆ. ನೀರಿನ ವೇಗ 1.5 ಮೀಟರ್ ಇದ್ದರೆ ಹೊಡೆತ ಸುಮಾರು 4.5 ಬಾರ್. ಪಿವಿಸಿ ಗಟ್ಟಿಯಾದ್ದರಿಂದ ಅದರಲ್ಲಿ ಇನ್ನೂ ಹೆಚ್ಚು. ಹೊಡೆತ ಜೋರಾಗಿ ಬೀಳುವುದೂ ಬುಡದಲ್ಲೇ.

ಅಳೆಯುವ ಬಗೆ

ಮೊದಲು ತೊಳೆಯಿರಿ. ಕೆಂಪುಮಣ್ಣು ಗೀರಿನಲ್ಲಿ ಕೂತರೆ ಆಳವೂ ಕಾಣುವುದಿಲ್ಲ, ಉದ್ದವೂ ಕಾಣುವುದಿಲ್ಲ. ಒದ್ದೆ ಗೋಣಿಯಲ್ಲಿ ಒರೆಸಿ, ಒಣಗಿಸಿ, ಉಗುರನ್ನು ಸುತ್ತಳತೆಯ ದಿಕ್ಕಿನಲ್ಲಿ ಆಡಿಸಿ. ಉಗುರು ಸಿಕ್ಕಿಕೊಂಡ ಕಡೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಇಲ್ಲಿವರೆಗಿನದು ಹುಡುಕಾಟ ಮಾತ್ರ, ಅಳತೆ ಇನ್ನೂ ಆಗಿಲ್ಲ.

ಗೀರಿನ ಎರಡೂ ಅಂಚಿನಲ್ಲಿ ಪ್ಲಾಸ್ಟಿಕ್ ಮೇಲೆದ್ದು ನಿಂತಿರುತ್ತದೆ. ಅದನ್ನು ಬ್ಲೇಡಿನಿಂದ ಮೆಲ್ಲಗೆ ಸವರಿ ಪೈಪಿನ ಮೈಗೆ ಸಮ ಮಾಡದಿದ್ದರೆ ಗೇಜು ಆ ದಿಬ್ಬದ ಮೇಲೆ ಕೂತು ಆಳವನ್ನು ಹೆಚ್ಚಾಗಿ ತೋರಿಸುತ್ತದೆ. ವರ್ನಿಯರ್‌ನ ಬಾಲದ ಕಡ್ಡಿ ಇದಕ್ಕೆ ಆಗುವುದಿಲ್ಲ. ಅದರ ತುದಿ ಗೀರಿಗಿಂತ ಅಗಲ, ತಳ ಮುಟ್ಟುವುದೇ ಇಲ್ಲ, ಹಾಗಾಗಿ ಆಳ ಕಡಿಮೆ ತೋರುತ್ತದೆ. ಇದು ಮೊದಲಿನದಕ್ಕಿಂತ ಅಪಾಯದ ತಪ್ಪು. ಬೇಕಾದ್ದು ಸೂಜಿಮೊನೆಯ ಡಯಲ್ ಡೆಪ್ತ್ ಗೇಜ್, 0.01 ಮಿ.ಮೀ. ಓದುವಂಥದ್ದು. ಗೀರಿನ ಪಕ್ಕದ ಒಳ್ಳೆಯ ಮೈ ಮೇಲೆ ಗೇಜ್ ಇಟ್ಟು ಸೊನ್ನೆ ಮಾಡಿ, ಅದೇ ದಿಕ್ಕಿನಲ್ಲಿ ಹಿಡಿದುಕೊಂಡು ಗೀರಿನ ಮೇಲೆ ತನ್ನಿ. ಪೈಪಿನ ಮೈ ಗುಂಡಗಿರುವುದರಿಂದ ಗೇಜು ಓರೆಯಾದರೆ ಓದು ಕೆಡುತ್ತದೆ. ಗೀರಿನ ಉದ್ದಕ್ಕೂ ಹಲವು ಕಡೆ ಅಳೆದು ಎಲ್ಲಕ್ಕಿಂತ ಆಳದ್ದನ್ನು ಬರೆಯಿರಿ. ಸರಾಸರಿ ಬೇಡ, ಬಿರುಕು ಶುರುವಾಗುವುದು ಆಳದ ಜಾಗದಿಂದ.

ಗೇಜಿಲ್ಲದಿದ್ದರೆ ಎರಡು ದಾರಿ. ಎಲೆಕ್ಟ್ರೋಫ್ಯೂಷನ್ (ಕಪ್ಲರ್‌ನೊಳಗಿನ ತಂತಿಗೆ ಕರೆಂಟು ಕೊಟ್ಟು ಕರಗಿಸಿ ಬೆಸೆಯುವುದು) ಮಾಡುವವರ ಬಳಿ ಪೈಪಿನ ಮೇಲ್ಪದರ ಕೆರೆಯುವ ತಿರುಗು ಸ್ಕ್ರೇಪರ್ ಇರುತ್ತದೆ, ಅದು ಒಂದು ಸುತ್ತಿಗೆ 0.2 ಮಿ.ಮೀ. ಆಸುಪಾಸು ತೆಗೆಯುತ್ತದೆ. ಗೀರಿರುವ ಒಂದು ತ್ಯಾಜ್ಯ ತುಂಡಿನ ಮೇಲೆ ಓಡಿಸಿ, ಎಷ್ಟು ಸುತ್ತಿಗೆ ಗೀರು ಮಾಯವಾಯಿತು ನೋಡಿದರೆ ಆ ಬಗೆಯ ಗೀರಿನ ಆಳದ ಅಂದಾಜು ಸಿಗುತ್ತದೆ. ಇನ್ನೊಂದು, ಎರಡು ಬಣ್ಣ ಕಲಸುವ ಎಪಾಕ್ಸಿ ಪುಟ್ಟಿಯನ್ನು ಗೀರಿಗೆ ಒತ್ತಿ, ಗಟ್ಟಿಯಾದ ಮೇಲೆ ಕಿತ್ತು, ಮೂಡಿದ ಏಣನ್ನು ಅಳೆಯುವುದು. ಎಚ್‌ಡಿಪಿಇಗೆ ಈ ಪುಟ್ಟಿ ಅಂಟುವುದಿಲ್ಲವಾದ್ದರಿಂದ ಸಲೀಸಾಗಿ ಎದ್ದುಬರುತ್ತದೆ. ಪಿವಿಸಿಯಾದರೆ ಮೊದಲು ಸ್ವಲ್ಪ ಎಣ್ಣೆ ಸವರಿ.

ಆಳ ಅಳೆಯದೆಯೇ ತಿರಸ್ಕರಿಸಬೇಕಾದವು

ಮಡಚಿದ ಪೈಪು ಮೊದಲನೆಯದು. ಸುರುಳಿ ಬಿಚ್ಚುವಾಗ ಕುಸಿದು ಮಡಚಿಕೊಂಡರೆ ಆಮೇಲೆ ಬಿಸಿನೀರು ಹಾಕಿ ದುಂಡಗೆ ಮಾಡಿದರೂ ಒಳಗಿನ ಗೆರೆ ಹೋಗುವುದಿಲ್ಲ. ಆನೆ ತುಳಿದ ಪೈಪಿಗೂ ಇದೇ ಮಾತು. ಪೈಪು ಮತ್ತೆ ಉಬ್ಬಿ ಮೊದಲಿನಂತೆ ಕಾಣುತ್ತದೆ, ಆದರೆ ಎರಡೂ ಪಕ್ಕೆಯಲ್ಲಿ ಚೂಪು ಮಡಿಕೆಯ ಗೆರೆ ಇದ್ದರೆ ಆ ತುಂಡು ಹೋಯಿತು. ಬರೀ ಚಪ್ಪಟೆಯಾಗಿ, ಗೆರೆ ಇಲ್ಲದೆ ಎದ್ದಿದ್ದರೆ ಉಳಿಸಿಕೊಳ್ಳಬಹುದು.

ಕಲ್ಲು ಒತ್ತಿ ಆದ ತಗ್ಗು ಮೋಸದ ಹಾನಿ. ಹೊರಗೆ ನಯವಾದ ಗುಳಿ, ಗೀರೇ ಇಲ್ಲ. ಎಳೆತ ಇರುವುದು ಒಳಮೈಯಲ್ಲಿ, ಗುಳಿಯ ಹಿಂಬದಿಯಲ್ಲಿ. ಬಿರುಕು ಅಲ್ಲಿ ಹುಟ್ಟಿ ಹೊರಗೆ ಬರುತ್ತದೆ. ಟ್ರೆಂಚ್ ತೋಡಿದಾಗ ಬಂದ ಮುರಕಲ್ಲಿನ ಚೂರು, ಬಂಡೆ ಒಡೆದ ಜಲ್ಲಿಗಳನ್ನೇ ಮತ್ತೆ ತುಂಬಿ ಹಿಟಾಚಿಯ ಬಕೆಟ್ಟಿನಿಂದ ಒತ್ತಿದ ಲೈನುಗಳಲ್ಲಿ ಇದು ಸಾಮಾನ್ಯ. ಪೈಪಿನ ಕೆಳಗೆ 10 ಸೆಂಟಿಮೀಟರ್, ಮೇಲೂ ಪಕ್ಕದಲ್ಲೂ ಅಷ್ಟೇ, ಮರಳು ಅಥವಾ ಜರಡಿ ಹಿಡಿದ ಮಣ್ಣು ಇದ್ದರೆ ಈ ಪ್ರಶ್ನೆಯೇ ಏಳುವುದಿಲ್ಲ. ಮಳೆಗಾಲದಲ್ಲಿ ಇಳಿಜಾರಿನ ಟ್ರೆಂಚಿನೊಳಗೆ ನೀರು ಹರಿದು ಮರಳು ಕೊಚ್ಚಿಹೋಗಿ ಪೈಪು ಬಂಡೆಯ ಮೇಲೆ ಕೂರುವುದುಂಟು. ಕಡಿದಾದ ಕಡೆ ಅಲ್ಲಲ್ಲಿ ಮಣ್ಣುಚೀಲದ ಅಡ್ಡಗಟ್ಟೆ ಇಡಬೇಕು.

ಬೆಂಕಿಗೆ ಕಾದು ಹೊಳಪಾದ ಜಾಗ, ಇಲಿಯೋ ಮುಳ್ಳುಹಂದಿಯೋ ಕಡಿದ ಹಲ್ಲಿನ ಸಾಲು, ಒಂದರ ಪಕ್ಕ ಒಂದು ಒತ್ತಾಗಿ ಬಿದ್ದ ಗೀರುಗಳ ಗುಂಪು, ಇವನ್ನೂ ಕತ್ತರಿಸಿಬಿಡಿ.

ಕೀಲಿನ ಜಾಗಕ್ಕೆ ಬೇರೆ ಮಿತಿ

ಕೀಲು ಬರುವ ಕಡೆ ಶೇ. 10 ಎಂಬುದು ಅನ್ವಯವೇ ಆಗುವುದಿಲ್ಲ. ರಬ್ಬರ್ ರಿಂಗು ಕೂರುವ ಕಂಪ್ರೆಷನ್ ಫಿಟಿಂಗಿನಲ್ಲಿ 0.2 ಮಿ.ಮೀ. ಆಳದ ಉದ್ದ ಗೀರು ಸಾಕು, ರಿಂಗಿನಡಿಯಿಂದ ನೀರು ಹೊರಗೆ ಬರುತ್ತದೆ. ಪೈಪಿನ ಬಲಕ್ಕೆ ಏನೂ ಆಗಿರುವುದಿಲ್ಲ, ಸೋರಿಕೆ ಮಾತ್ರ ನಿಲ್ಲುವುದಿಲ್ಲ, ಪ್ಲಂಬರ್ ನಟ್ಟನ್ನು ಬಿಗಿ ಮಾಡುತ್ತಲೇ ಇರುತ್ತಾನೆ. ಎಲೆಕ್ಟ್ರೋಫ್ಯೂಷನ್ ಕಪ್ಲರ್ ಹಾಕುವಾಗ ಮೇಲ್ಪದರ 0.2 ಮಿ.ಮೀ. ಕೆರೆಯುತ್ತಾರೆ, ಅದಾದ ಮೇಲೂ ಗೀರು ಉಳಿದರೆ ಆ ತುದಿಯನ್ನು ಕತ್ತರಿಸಿ ಮುಂದೆ ಹೋಗಿ. ಕರಗಿದ ಪ್ಲಾಸ್ಟಿಕ್ ಗೀರನ್ನು ತುಂಬುತ್ತದೆ ಎಂದು ನಂಬಿ ಇನ್ನಷ್ಟು ಕೆರೆದರೆ ಪೈಪಿನ ವ್ಯಾಸ ಇಳಿದು ಕಪ್ಲರ್ ಸಡಿಲವಾಗುತ್ತದೆ, ಬೆಸುಗೆ ಎರಡು ರೀತಿಯಲ್ಲೂ ಕೆಡುತ್ತದೆ.

ಪಿವಿಸಿಗೆ ಕರುಣೆ ಇಲ್ಲ

ಐಎಸ್ 4985ರ ಯುಪಿವಿಸಿ ಪೈಪಿಗೂ ಶೇ. 10 ಎನ್ನುವುದು ರೂಢಿ. ಆದರೆ ಅದು ಎಚ್‌ಡಿಪಿಇಯಷ್ಟು ಬಗ್ಗಿ ಹೊಂದಿಕೊಳ್ಳುವ ವಸ್ತುವಲ್ಲ. ದಿನಕ್ಕೆ ಹಲವು ಸಲ ಆನ್ ಆಫ್ ಆಗುವ ಪಂಪಿನ ಲೈನಿನಲ್ಲಿ ಒತ್ತಡದ ಏರಿಳಿತವೇ ಚೂಪು ಗೀರನ್ನು ಬೆಳೆಸುತ್ತದೆ. ಆದ್ದರಿಂದ ಪಂಪಿನ ಡೆಲಿವರಿ ಲೈನಿನಲ್ಲಿ ಚೂಪು ಗೀರಿನ ಪಿವಿಸಿ ಬೇಡವೇ ಬೇಡ, ಗುರುತ್ವದಿಂದ ಬರುವ ಲೈನಿಗೆ ಬಳಸಿ. ಬಿಸಿಲಿಗೆ ಬಣ್ಣ ಕಂದಿದ ಪಿವಿಸಿ ಏಟಿಗೆ ಬೇಗ ಒಡೆಯುತ್ತದೆ. ಎಚ್‌ಡಿಪಿಇಯಲ್ಲಿ ಶೇ. 2ರಿಂದ 3ರಷ್ಟು ಕಾರ್ಬನ್ ಬ್ಲ್ಯಾಕ್ ಇರುವುದರಿಂದ ಅದಕ್ಕೆ ಆ ತೊಂದರೆ ಕಡಿಮೆ. ಲಾರಿಯಿಂದ ಬಿದ್ದ ಪಿವಿಸಿಯ ಹೊರಗೆ ಏನೂ ಕಾಣದಿದ್ದರೂ ತುದಿಯಿಂದ ಟಾರ್ಚು ಬಿಟ್ಟು ಒಳಮೈ ನೋಡಿ, ಏಟು ಬಿದ್ದ ಹಿಂಬದಿಯಲ್ಲಿ ನಕ್ಷತ್ರದಂತೆ ಹರಡಿದ ಬಿರುಕು ಇರಬಹುದು. ಬಿರುಕಿನ ಕಾಣುವ ತುದಿಗೆ ಕತ್ತರಿಸಿದರೆ ಸಾಲದು, ಅದರಾಚೆ ಒಳ್ಳೆಯ ಭಾಗದಲ್ಲಿ ಕನಿಷ್ಠ ಒಂದಡಿ ಬಿಟ್ಟು ಕತ್ತರಿಸಿ.

ಏನು ಮಾಡಬಹುದು, ಏನು ಮಾಡಬಾರದು

ಗೀರಿಗೆ ಪುಟ್ಟಿ ತುಂಬುವುದು, ಸೈಕಲ್ ಟ್ಯೂಬ್ ಸುತ್ತುವುದು, ಬೆಸುಗೆ ಕಡ್ಡಿ ಬಿಸಿ ಮಾಡಿ ಪ್ಲಾಸ್ಟಿಕ್ ಎಳೆದು ಮುಚ್ಚುವುದು ಇವೆಲ್ಲ ಗೀರನ್ನು ಕಣ್ಣಿಂದ ಮರೆಮಾಡುತ್ತವೆ, ಗೋಡೆಗೆ ಬಲ ಕೊಡುವುದಿಲ್ಲ. ಬಿಸಿ ಕಡ್ಡಿ ಹೊಸದೊಂದು ಸುಟ್ಟ ಅಂಚನ್ನು ಸೇರಿಸುತ್ತದೆ ಅಷ್ಟೇ. ಮಿತಿಯೊಳಗಿನ, ಆದರೆ ಚೂಪಾದ ಗೀರನ್ನು ಸ್ಕ್ರೇಪರಿನಿಂದ ಅಗಲಕ್ಕೆ ಸವರಿ ದುಂಡು ಮಾಡಿದರೆ ಎಳೆತ ಇಳಿಯುವುದು ಮೇಲಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ಸವರಿದ ಮೇಲಿನ ಆಳವೂ ಮಿತಿಯೊಳಗೇ ಇರಬೇಕು, ಪಿವಿಸಿಗೆ ಇದನ್ನು ಮಾಡಬೇಡಿ. ಮಿತಿ ದಾಟಿದ್ದಕ್ಕೆ ಇರುವುದು ಒಂದೇ ದಾರಿ: ಆ ತುಂಡನ್ನು ಕತ್ತರಿಸಿ ತೆಗೆದು ಬಟ್ ಫ್ಯೂಷನ್ (ಎರಡು ತುದಿಗಳನ್ನು ಕಾಯಿಸಿ ಒತ್ತಿ ಬೆಸೆಯುವುದು) ಅಥವಾ ಎಲೆಕ್ಟ್ರೋಫ್ಯೂಷನ್ ಕಪ್ಲರ್‌ನಿಂದ ಸೇರಿಸುವುದು.

ಹೂಮಳೆಗೆ ವರ್ಷಕ್ಕೆ ಕೆಲವೇ ವಾರ ಓಡಾಡಿಸುವ ತೆಳು ಸ್ಪ್ರಿಂಕ್ಲರ್ ಪೈಪಿನ ವಿಷಯದಲ್ಲಿ ಸ್ವಲ್ಪ ಸಡಿಲ ಬಿಡಬಹುದು. ಶೇ. 10ರ ಹಿಂದೆ 50 ವರ್ಷ ನಿರಂತರ ಒತ್ತಡದ ಲೆಕ್ಕವಿದೆ, ಈ ಪೈಪಿಗೆ ಅಷ್ಟು ದುಡಿಮೆಯಿಲ್ಲ. 2.9 ಮಿ.ಮೀ. ಗೋಡೆಗೆ 0.29 ಎಂದು ಹಟ ಹಿಡಿದರೆ ಒಂದು ಋತು ಕಳೆಯುವುದರೊಳಗೆ ಅರ್ಧ ಪೈಪು ಗುಜರಿಗೆ. ಒಡೆದರೂ ನೀರು ಪೋಲಾಗುವುದಷ್ಟೇ, ಎದುರಿಗೇ ಕಾಣುತ್ತದೆ. ಊರಿಗೆ ನೀರು ಕೊಡುವ, ಮನೆಗಳ ಮೇಲ್ಬದಿಯಲ್ಲಿ ಹೂತ ಲೈನಿಗೆ ಇಂಥ ಯಾವ ಸಡಿಲಿಕೆಯೂ ಬೇಡ. ಕಡಿದಾದ ಇಳಿಜಾರಿನಲ್ಲಿ ಹೂತ ಪೈಪಿನ ಸಣ್ಣ ಸೋರಿಕೆ ಮಣ್ಣನ್ನು ಒಳಗಿನಿಂದ ನೆನೆಸುತ್ತದೆ, ಅದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದು 2018ರ ಆಗಸ್ಟ್ ತಿಂಗಳ ಭೂಕುಸಿತ ಕಂಡ ಜಿಲ್ಲೆಗೆ ವಿವರಿಸಬೇಕಿಲ್ಲ.

ರಸ್ತೆಯಡಿ ಕೊರೆದು ಪೈಪು ಎಳೆಯುವಾಗ ಒಳಗಿರುವುದನ್ನು ನೋಡಲಾಗುವುದಿಲ್ಲ. ಅಲ್ಲಿ ಮಾಡುವುದಿಷ್ಟು: ಇಡೀ ರಂಧ್ರವನ್ನು ದಾಟಿ ಬಂದದ್ದು ಪೈಪಿನ ಮುಂದಿನ ತುದಿ. ಆ ಕಡೆಯಿಂದ ಮೂರು ಮೀಟರ್ ಹೆಚ್ಚಿಗೆ ಹೊರಗೆಳೆದು, ತೊಳೆದು, ಅಳೆದು ನೋಡಿ. ಅಲ್ಲಿ ಮಿತಿಯೊಳಗಿದ್ದರೆ ಹಿಂದಿನದೂ ಬಹುಪಾಲು ಸರಿಯಾಗಿರುತ್ತದೆ. ಮಿತಿ ದಾಟಿದ್ದರೆ ಪೂರ್ತಿ ಎಳೆದು ತೆಗೆದು, ರಂಧ್ರ ಅಗಲ ಮಾಡಿ, ಹೊಸ ಪೈಪು.

ತೋಟದೊಳಗೆ ಎಳೆಯುವ ದಾರಿಗೆ ಸೀಳಿದ ಅಡಿಕೆ ದಬ್ಬೆಗಳನ್ನು ಒಳಮೈ ಮೇಲೆ ಮಾಡಿ ಎರಡು ಮೂರು ಮೀಟರಿಗೊಂದರಂತೆ ಅಡ್ಡ ಹಾಸಿ. ಸರಪಳಿ ಬೇಡ, ನೈಲಾನ್ ಪಟ್ಟಿ ಅಥವಾ ದಪ್ಪ ಹಗ್ಗ ಸಾಕು. ಪೈಪಿನ ಬಾಯಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಳಗೆ ಸೇರಿದ ಜಲ್ಲಿ ಒಳಮೈಯನ್ನು ಗೀಚುತ್ತದೆ, ಅದನ್ನು ಅಳೆಯಲು ಯಾವ ಗೇಜೂ ತಲುಪುವುದಿಲ್ಲ. ಕೆಲಸ ಒಪ್ಪಿಸುವ ಮೊದಲೇ ಕಾಗದದಲ್ಲಿ ಇಷ್ಟು ಇರಲಿ: ಯಾವ ವ್ಯಾಸದ ಪೈಪಿಗೆ ಎಷ್ಟು ಮಿಲಿಮೀಟರ್ ಮಿತಿ, ಪಂಪಿನಿಂದ ಎಷ್ಟು ಎತ್ತರದವರೆಗೆ ಬಿಗಿ ಮಿತಿ, ಯಾವ ಗೇಜಿನಿಂದ ಅಳತೆ, ಯಾರ ಎದುರಿಗೆ, ಕತ್ತರಿಸಿದ ತುಂಡಿನ ಮತ್ತು ಹೆಚ್ಚುವರಿ ಕಪ್ಲರ್‌ನ ಖರ್ಚು ಯಾರದು. ಶೇಕಡಾ ಬರೆಯಬೇಡಿ, ಮಿಲಿಮೀಟರ್ ಬರೆಯಿರಿ. ಟ್ರೆಂಚಿನಲ್ಲಿ ನಿಂತವರು ಭಾಗಾಕಾರ ಮಾಡುತ್ತಾ ಕೂರುವುದಿಲ್ಲ.